ಬಾರ್ಡರ್ ಟೆರಿಯರ್: ಕೂದಲು ಕತ್ತರಿಸೋದಾ, ಕೀಳೋದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು 14 ತಿಂಗಳ ಗಂಡು ಬಾರ್ಡರ್ ಟೆರಿಯರ್ ನಾಯಿ. ಕೂದಲು ಬೆಳೆದು ಬೆನ್ನ ಮೇಲೆ ಬೈತಲೆ ತೆಗೆದ ಹಾಗೆ ಎರಡೂ ಕಡೆ ಬೀಳ್ತಿದೆ. ಟ್ರಿಮ್ಮರ್ ಹಾಕಿಸಿ ಅಂತ ಕೆಲವರು, ಕೈಯಲ್ಲೇ ಕೀಳಬೇಕು ಅಂತ ಇನ್ನು ಕೆಲವರು. ಕಿತ್ತರೆ ನೋವಾಗಲ್ವಾ?

ಪಶುವೈದ್ಯರು: ಬೈತಲೆ ಬಿದ್ದಿದೆ ಅಂದರೆ ಕೂದಲು ಬಲಿತಿದೆ, ಕೀಳೋಕೆ ಇದೇ ಹೊತ್ತು. ಈ ತಳಿಗೆ ಎರಡು ಪದರ: ಮೇಲೆ ತಂತಿಯಂಥ ಒರಟು ಕೂದಲು, ಅಡಿಯಲ್ಲಿ ಮೆತ್ತನೆ ತುಪ್ಪಳ. ಮೇಲಿನ ಕೂದಲು ಸುಮಾರು ಆರು ತಿಂಗಳಿಗೊಮ್ಮೆ ಬಲಿತು ಸಾಯುತ್ತೆ, ಆದರೆ ತಾನಾಗಿ ಪೂರ್ತಿ ಉದುರಲ್ಲ, ಬುಡದಲ್ಲಿ ಸಡಿಲವಾಗಿ ಸಿಕ್ಕಿಕೊಂಡಿರುತ್ತೆ. ಹಾಗಾಗಿ ಎಳೆದರೆ ಸಲೀಸಾಗಿ ಬರುತ್ತೆ. ಟ್ರಿಮ್ಮರ್ ಹಾಕಿದರೆ ತುದಿ ಮಾತ್ರ ಹೋಗುತ್ತೆ, ಸತ್ತ ಬುಡ ಅಲ್ಲೇ ಕೂತಿರುತ್ತೆ. ಗಾಢ ಬಣ್ಣ, ಗಟ್ಟಿತನ ಎರಡೂ ತುದಿಯಲ್ಲೇ ಇರೋದರಿಂದ ನಾಲ್ಕಾರು ಸಲ ಕತ್ತರಿಸಿದ ಮೇಲೆ ಮೈ ಮಂಕಾಗಿ ಹತ್ತಿಯ ಹಾಗಾಗುತ್ತೆ. ಮಳೆ, ಕೆಸರು ನೇರ ಚರ್ಮಕ್ಕಿಳಿಯುತ್ತೆ.

ಗ್ರೂಮರ್ (ನಾಯಿಗಳ ಕೂದಲು ಒಪ್ಪ ಮಾಡುವವರು): ವಿಧಾನ ನಾನು ಹೇಳ್ತೀನಿ. ಮೊದಲು ಸ್ನಾನ ಮಾಡಿಸಬೇಡಿ, ತೊಳೆದ ಕೂದಲು ಕೈಗೆ ಸಿಗದೆ ಜಾರುತ್ತೆ. ಬೆರಳಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಳ್ಳಿ, ಇಲ್ಲವೇ ರಬ್ಬರ್ ಬೆರಳುಗವಸು ಹಾಕಿಕೊಳ್ಳಿ. ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಹಿಡಿಯಿರಿ. ಈ ನಾಯಿಯ ತೊಗಲು ದಪ್ಪ, ಸಡಿಲ ಬೇರೆ. ಹಿಡಿಯದಿದ್ದರೆ ಕೂದಲಿನ ಜತೆ ತೊಗಲೂ ಎದ್ದು ಬರುತ್ತೆ. ನೋವಾಗೋದು ಅದರಿಂದಲೇ. ಬಲಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಏಳೆಂಟು ಎಳೆ, ತುದಿಯ ಹತ್ತಿರ ಹಿಡಿದು, ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ಮಣಿಕಟ್ಟು ತಿರುಗಿಸಬೇಡಿ, ತಿರುಗಿಸಿದರೆ ಕೂದಲು ಅರ್ಧಕ್ಕೆ ತುಂಡಾಗುತ್ತೆ. ಕತ್ತಿನ ಹಿಂಭಾಗದಿಂದ ಶುರು ಮಾಡಿ ಬೆನ್ನ ಮೇಲೆ ಬಾಲದ ಕಡೆಗೆ ಬನ್ನಿ. ಹೊಟ್ಟೆ, ತೊಡೆಸಂದು, ಜನನಾಂಗದ ಸುತ್ತ ಕೀಳಬೇಡಿ, ಅಲ್ಲಿ ಮೊಂಡುತುದಿಯ ಕತ್ತರಿ ಸಾಕು. ಒಂದು ಸಲಕ್ಕೆ 20–30 ನಿಮಿಷ, ಮೂರು ನಾಲ್ಕು ದಿನದಲ್ಲಿ ಮುಗಿಸಿ. ಚರ್ಮ ಕೆಂಪಾದರೆ, ಕೂದಲು ಬರಲು ಹಟ ಮಾಡಿದರೆ ಅದಿನ್ನೂ ಬಲಿತಿಲ್ಲ, ಎರಡು ವಾರ ಬಿಡಿ. ಮುಗಿದ ಮೇಲೆ ನಾಯಿ ಬರೀ ಒಳಗಿನ ತುಪ್ಪಳದಲ್ಲಿ ಬಡಕಲಾಗಿ ಕಾಣುತ್ತೆ, ಗಾಬರಿ ಬೇಡ. ಹೊಸ ಕೂದಲು ತುಂಬೋಕೆ ಎರಡು ಮೂರು ತಿಂಗಳು. ಅಲ್ಲಿವರೆಗೆ ಬಿರುಬಿಸಿಲು, ಚಳಿ ತಾಗದಂತೆ ನೋಡಿಕೊಳ್ಳಿ.

ಪಶುವೈದ್ಯರು: ಒಂದು ವಿನಾಯಿತಿ. ಸಂತಾನಹರಣ ಆದ ನಾಯಿಗಳಲ್ಲಿ ಕೂದಲು ಉಣ್ಣೆಯಂತಾಗಿ ಕೀಳಲು ಬರದೇ ಹೋಗಬಹುದು. ಅಂಥವಕ್ಕೂ, ಮುದಿ ನಾಯಿಗಳಿಗೂ ಟ್ರಿಮ್ಮರ್ರೇ ಲೇಸು. ಅಂದಕ್ಕಾಗಿ ಹಿಂಸೆ ಕೊಡಬಾರದು.

ಪ್ರಶ್ನೆ: ಹೆಸರಲ್ಲಿರೋ ‘ಬಾರ್ಡರ್’ ಯಾವ ಗಡಿ ಸರ್? ಮುಖ ಬೇರೆ ಟೆರಿಯರ್‌ಗಳ ಹಾಗಿಲ್ಲವಲ್ಲ.

ಪಶುವೈದ್ಯರು: ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿ. ಅಲ್ಲಿನ ಚೆವಿಯಟ್ ಗುಡ್ಡಗಳಲ್ಲಿ ಕುರಿ ಸಾಕುವವರಿಗೆ ನರಿಕಾಟ. ಕುದುರೆಯ ಹಿಂದೆ ದಿನವಿಡೀ ಓಡಬೇಕು, ನರಿ ಬಿಲ ಹೊಕ್ಕರೆ ತಾನೂ ನುಗ್ಗಬೇಕು, ಅಂಥ ನಾಯಿ ಬೇಕಿತ್ತು. ಓಡಲು ಕಾಲು ಉದ್ದ ಬೇಕು, ನುಗ್ಗಲು ಎದೆ ಕಿರಿದಾಗಿರಬೇಕು. ಅದಕ್ಕೇ ನಾಯಿ ಪ್ರದರ್ಶನದ ತೀರ್ಪುಗಾರರು ಇವತ್ತಿಗೂ ಭುಜದ ಹಿಂದೆ ಎರಡೂ ಕೈಯಿಂದ ಎದೆ ಬಳಸಿ ನೋಡ್ತಾರೆ. ಎದೆ ಎರಡು ಕೈಯ ಹಿಡಿತಕ್ಕೆ ಸಿಗಬೇಕು. ಮುಖ ನೀರುನಾಯಿಯದು: ಅಗಲ ತಲೆ, ಗಿಡ್ಡ ಗಟ್ಟಿ ಮೂತಿ. ನಾಯಿ ತಳಿಗಳನ್ನು ನೋಂದಾಯಿಸುವ ಸಂಸ್ಥೆಗಳಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ 1920ರಲ್ಲಿ, ಅಮೆರಿಕದ್ದು 1930ರಲ್ಲಿ ಮಾನ್ಯತೆ ಕೊಟ್ಟವು. ಗಂಡು 6–7 ಕಿಲೊ, ಹೆಣ್ಣು 5–6.5 ಕಿಲೊ. ಆರೂವರೆ ಕಿಲೊ ನಾಯಿಗೆ ಅರ್ಧ ಕಿಲೊ ಬೊಜ್ಜು ಅಂದರೆ 60 ಕಿಲೊ ಮನುಷ್ಯನಿಗೆ ನಾಲ್ಕೂವರೆ ಕಿಲೊ ಏರಿದ ಲೆಕ್ಕ. ಪಕ್ಕೆಲುಬು ಕೈಗೆ ಸಿಗ್ತಿರಲಿ.

ಪ್ರಶ್ನೆ: ಮನೇಲಿ ಹ್ಯಾಮ್‌ಸ್ಟರ್ ಇದೆ. ಜೊತೆಗೆ ಬಿಡಬಹುದಾ?

ಪಶುವೈದ್ಯರು: ಬೇಡ. ಬೇಟೆನಾಯಿಗಳ ಗುಂಪಿನೊಂದಿಗೆ ಓಡಿದ ತಳಿ, ಬೇರೆ ನಾಯಿಗಳ ಜತೆ ಎಷ್ಟೋ ಟೆರಿಯರ್‌ಗಳಿಗಿಂತ ಚೆನ್ನಾಗಿ ಹೊಂದಿಕೊಳ್ಳುತ್ತೆ. ಆದರೆ ಇಲಿಯಂಥದ್ದು ಓಡಿದರೆ ನಿಮ್ಮ ಮಾತು ಕಿವಿಗೇ ಬೀಳಲ್ಲ. ಬಯಲಲ್ಲಿ ಬಿಡುವಾಗಲೂ 10 ಮೀಟರ್ ಹಗ್ಗ ಇರಲಿ. ಬೇಲಿಯ ಜಾಲರಿಯನ್ನು ಒಂದಡಿ ಮಣ್ಣೊಳಗೆ ಹೂಳಿ, ಇವು ಹಾರೋದಕ್ಕಿಂತ ತೋಡೋದೇ ಜಾಸ್ತಿ.

ಪ್ರಶ್ನೆ: ನಮ್ಮದು ಮೂರು ವರ್ಷದ ಹೆಣ್ಣು ಬಾರ್ಡರ್ ಟೆರಿಯರ್. ಆಗಾಗ ಕೈಕಾಲು ಸೆಟೆದು ನಡುಗುತ್ತೆ, ಐದು ನಿಮಿಷಕ್ಕೆ ಸರಿಹೋಗುತ್ತೆ. ಫಿಟ್ಸಾ ಡಾಕ್ಟ್ರೇ?

ಪಶುವೈದ್ಯರು: ಇರಬಹುದು, ಆದರೆ ಈ ತಳಿಯಲ್ಲಿ ಇನ್ನೊಂದು ಅನುಮಾನ ಮೊದಲು ಬರಬೇಕು. ಗ್ಲುಟನ್ (ಗೋಧಿಯಂಥ ಧಾನ್ಯದಲ್ಲಿರೋ ಪ್ರೋಟೀನ್) ಒಗ್ಗದೆ ಸ್ನಾಯು ಹಿಡಿದುಕೊಳ್ಳುವ ತೊಂದರೆ. ಹಿಂದೆ ಇದನ್ನೇ ಸ್ಪೈಕ್ಸ್ ಡಿಸೀಸ್ ಅಂತಿದ್ದರು. ಫಿಟ್ಸ್ ಜೋರಾಗಿ ಬಂದರೆ ಸಾಮಾನ್ಯವಾಗಿ ಪ್ರಜ್ಞೆ ತಪ್ಪುತ್ತೆ, ಜೊಲ್ಲು ಸುರಿಯುತ್ತೆ, ಮೂತ್ರ ಹೋಗಬಹುದು. ಇದರಲ್ಲಿ ನಾಯಿಗೆ ಎಚ್ಚರ ಇರುತ್ತೆ, ಎಷ್ಟೋ ಸಲ ತೂರಾಡುತ್ತಾ ನಿಮ್ಮ ಹತ್ತಿರ ಬರಲು ನೋಡುತ್ತೆ. ರಕ್ತಪರೀಕ್ಷೆಯಲ್ಲಿ ಗ್ಲುಟನ್ ಸಂಬಂಧದ ಪ್ರತಿಕಾಯ ನೋಡಬಹುದು, ಆದರೆ ಆಹಾರ ಬದಲಿಸುವ ಮುಂಚೆಯೇ ರಕ್ತ ಕೊಡಿ. ಬದಲಿಸಿದ ಮೇಲೆ ಪ್ರತಿಕಾಯ ಇಳಿದು ಫಲಿತಾಂಶ ದಾರಿ ತಪ್ಪಿಸುತ್ತೆ.

ಪ್ರಶ್ನೆ: ಆಹಾರದಲ್ಲಿ ಏನೇನು ಬಿಡಬೇಕು?

ಪಶುವೈದ್ಯರು: ಗೋಧಿ, ಬಾರ್ಲಿ, ರೈ ಪೂರ್ತಿ ಬಂದ್. ಅಕ್ಕಿ ಆಗುತ್ತೆ. ಪಥ್ಯ ಕೆಡೋದು ಊಟದ ತಟ್ಟೆಯಲ್ಲಲ್ಲ, ತರಬೇತಿಗೆ ಕೊಡುವ ಬಿಸ್ಕತ್ತು, ಕಡಿಯುವ ತಿನಿಸು, ಮಗು ಕೆಳಗೆ ಬೀಳಿಸಿದ ಬ್ರೆಡ್ಡಿನ ಚೂರಲ್ಲಿ. ಗುಣ ಕಾಣಲು ವಾರಗಳು, ಕೆಲವಕ್ಕೆ ತಿಂಗಳುಗಳೇ ಬೇಕು. ನಡುವೆ ಒಂದೆರಡು ಸಲ ಸೆಟೆಯಿತು ಅಂತ ಕೈಬಿಡಬೇಡಿ. ಮುಂದಿನ ಸಲ ಬಂದಾಗ ವಿಡಿಯೊ ತೆಗೀರಿ, ತೆಗೆಯುವಾಗ ಹೆಸರು ಹಿಡಿದು ಕರೆಯಿರಿ. ನಿಮ್ಮ ದನಿಗೆ ಕಣ್ಣು ತಿರುಗಿಸಿತಾ ಅನ್ನೋದು ಅದರಲ್ಲಿ ಕಾಣಬೇಕು.