ಸೆರೆಂಡಿಪಿಟಿಗೆ ‘ಕಾಕತಾಳೀಯ’ ನಡೀತೈತೇನ್ರಿ?

ಬಾಗಲಕೋಟಿ_ಹಲಗಿ:
ವಾಚನಾಲಯದ ಕರಿಹಲಗಿ ಮ್ಯಾಲೆ ದಿನಾ ಒಂದು ಪದ ಬರೀತೀವ್ರಿ. ಈ ವಾರ ಕಥಿ, ಕಾವ್ಯದಾಗ ಹುಟ್ಟಿ ಈಗ ಚ್ಯಾಷ್ಟಿಗೆ ಬಳಸೋ ಪದಗಳ ಸರದಿ. ‘ಸೆರೆಂಡಿಪಿಟಿ’ ಅನ್ನೋ ಇಂಗ್ಲಿಷ್ ಪದದ ಎದುರಿಗೆ ‘ಕಾಕತಾಳೀಯ’ ಅಂತ ಬರದ್ರ ತಪ್ಪಾಗ್ತೈತೇನು? ನಮ್ಮವೂ ಒಂದೆರಡು ಹೇಳ್ರಿ. ನಾಕು ಸಾಲಿಗಿಂತ ಹೆಚ್ಚು ಹಿಡಿಯಂಗಿಲ್ಲ.

ಜಮಖಂಡಿ_ಓದುಗ:
ತಪ್ಪಾಗ್ತೈತ್ರಿ. ಕಾಗಿ ಬಂದು ಕುಂತಿದ್ದಕ್ಕೂ ತಾಳೆಹಣ್ಣು ಬಿದ್ದಿದ್ದಕ್ಕೂ ಗಂಟು ಬಿತ್ತು, ಅಷ್ಟ. ಅದರಾಗ ಕಾಗಿ ಜಾಣತನ ಏನೈತಿ? ಇಂಗ್ಲಿಷ್ ಲೇಖಕ ಹೊರೇಸ್ ವಾಲ್ಪೋಲ್ 1754ರ ಜನವರಿಯೊಳಗ ಒಂದು ಪತ್ರದಾಗ ಸೆರೆಂಡಿಪಿಟಿ ಅನ್ನೋ ಪದ ಕಟ್ಟಿದಾಗ ಆಕಸ್ಮಿಕಕ್ಕ ಚಾಣಾಕ್ಷತನಾನೂ ಕೂಡಿಸಿದ್ದ. ಸೆರೆಂಡಿಪ್ ಅಂದ್ರ ಶ್ರೀಲಂಕಾದ ಹಳೇ ಹೆಸರು. ಅವ ಪದ ತಗೊಂಡ ಹಳೇ ಕಥಿಯೊಳಗ ಆ ನಾಡಿನ ಮೂರು ಮಂದಿ ರಾಜಕುಮಾರರು ಹಾದಿ ಬದಿಯ ಹುಲ್ಲು ಒಂದ ಮಗ್ಗಲು ಮೇದದ್ದು ಕಂಡು, ಇಲ್ಲಿ ಹಾದುಹೋದ ಒಂಟೆಗೆ ಒಂದು ಕಣ್ಣಿಲ್ಲ ಅಂತ ಹೇಳ್ತಾರ. ಕಣ್ಣಿಗೆ ಬಿದ್ದದ್ದು ಆಕಸ್ಮಿಕ, ತಿಳಕೊಂಡದ್ದು ಬುದ್ಧಿ. ‘ಹುಡುಕುವ ಬಳ್ಳಿ ಕಾಲಿಗೆ ತೊಡರಿತು’ ಅನ್ನೋದೂ ಕೂಡಂಗಿಲ್ಲ, ಯಾಕಂದ್ರ ಅಲ್ಲಿ ಹುಡುಕಿದ್ದ ಸಿಕ್ಕೈತಿ. ‘ಹುಡುಕಿದ್ದೊಂದು, ಜಾಣನಿಗೆ ಸಿಕ್ಕಿದ್ದೊಂದು’ ಅಂತ ಬಿಡಿಸಿ ಬರೀರಿ.

ಗೋಳಗುಮ್ಮಟ:
ನಮ್ಮ ಪದ ಬೇಕೆಂದರೆ ‘ಘುಣಾಕ್ಷರ’ ಹಾಕಿ. ಘುಣ ಎಂದರೆ ಮರ ಕೊರೆಯುವ ಹುಳ. ಅದು ಕೊರೆದ ಗೆರೆ ಎಲ್ಲೋ ಒಂದು ಕಡೆ ಅಕ್ಷರದಂತೆ ಕಾಣುತ್ತದೆ, ಪಾಪ, ಹುಳಕ್ಕೆ ಓದು ಬರುವುದಿಲ್ಲ. ಕಣ್ಣುಮುಚ್ಚಿ ಗುರುತು ಹಾಕಿ ಪಾಸಾದವನಿಗೆ ಹೇಳಿ ಮಾಡಿಸಿದ ಪದ. ಮಹಾಪ್ರಾಣ ಬಿಟ್ಟು ‘ಗುಣಾಕ್ಷರ’ ಎಂದರೆ ಬೈಗುಳ ಹೋಗಿ ಹೊಗಳಿಕೆಯಾದೀತು.

ಬೆಳಗಾವಿ_ಕುಂದಾ:
‘ಉತ್ತರಕುಮಾರ’ ಬಿಡಬೇಡಿ. ಅಂತಃಪುರದ ಹೆಂಗಸರೆದುರು ಕೊಚ್ಚಿಕೊಂಡು, ಕೌರವ ಸೇನೆ ಕಂಡೊಡನೆ ರಥದಿಂದ ಹಾರಿ ಓಡಿದವ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಅಲ್ಲಿಂದಲೇ. ಆದರೆ ಅದೇ ಉತ್ತರ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನೊಡನೆ ಕಾದಿ ಸತ್ತ. ಗಾದೆಗೆ ಅದು ಬೇಕಾಗಲಿಲ್ಲ, ನೀವು ನಾಲ್ಕನೇ ಸಾಲಿನಲ್ಲಿ ಬರೆಯಿರಿ. ಪದ ಒಡೆಯಬೇಡಿ. ‘ಉತ್ತರ’ ಒಂದು ಸಾಲಿಗೆ, ‘ಕುಮಾರ’ ಇನ್ನೊಂದಕ್ಕೆ ಬಿದ್ದರೆ ಓದುವವರು ಪ್ರಶ್ನೆ ಎಲ್ಲಿ ಎಂದು ಹುಡುಕುತ್ತಾರೆ.

‘ತ್ರಿಶಂಕು’ವೂ ಚೆನ್ನ, ಆದರೆ ತ್ರಿಕೋನ ಸ್ಪರ್ಧೆಯ ಜೊತೆ ಬೆರೆಸಬಾರದು. ಸ್ವರ್ಗಕ್ಕೂ ಭೂಮಿಗೂ ನಡುವೆ ತಲೆಕೆಳಗಾಗಿ ನೇತಾಡಿದವನ ಹೆಸರದು. ಬಹುಮತ ಯಾರಿಗೂ ಇಲ್ಲದ ವಿಧಾನಸಭೆಗೆ ಅಂಟಿಕೊಂಡದ್ದೂ ಆ ನೇತಾಟಕ್ಕೇ, ಮೂರರ ಲೆಕ್ಕಕ್ಕಲ್ಲ.

ಬಾಗಲಕೋಟಿ_ಹಲಗಿ:
ನಾಳೆ ಘುಣಾಕ್ಷರ ಬರೀತೀವ್ರಿ. ‘ಘ’ ದಪ್ಪಗ.