ಕಾಕಾರ ಪುಕ್ ಗಾಡಿಗೆ ಯಾವ ಆಯಿಲ್ ಹಾಕಬೇಕು

ಕಾಕಾ, ನಮಸ್ಕಾರ. ನೀವು ನಿನ್ನೆ ರಾತ್ರಿ ಬೈಲಹೊಂಗಲದಿಂದ ನಮ್ಮ ಮನೆತನದ ಗ್ರೂಪಿಗೆ ಕಳಿಸಿದ ಸಂದೇಶವನ್ನು ಪೂರ್ತಿ ಕೇಳಿದೆ. ನಿಮ್ಮ ಎರಡು ಗೇರಿನ ಆಟೋಮ್ಯಾಟಿಕ್ ಹೀರೋ ಪುಕ್ ಮೊಪೆಡ್ ಮೊದಲನೇ ಗೇರಿನಲ್ಲಿಯೇ ಬಹಳ ಹೊತ್ತು ಕಿರುಚುತ್ತ ಹೋಗಿ, ಆಮೇಲೆ ಜಗ್ಗಿದಂತೆ ಎರಡನೇ ಗೇರಿಗೆ ಬೀಳುತ್ತದೆ. ಮುಂಜಾನೆಯ ತಂಪಿನಲ್ಲಿ ಚಾಲೂ ಮಾಡಿದ ಕೂಡಲೇ ಎಕ್ಸಲರೇಟರ್ ಮುಟ್ಟದಿದ್ದರೂ ಮುಂದಕ್ಕೆ ಸರಿಯುತ್ತದೆ. ಅಂಗಡಿಯವರು 90 ನಂಬರಿನ ಗೇರ್ ಆಯಿಲ್ ಹಾಕಿರಿ ಎನ್ನುತ್ತಾರೆ, ನನ್ನ ತಮ್ಮ ತಾನು ಕೆಲಸ ಮಾಡುವ ಕಾರ್ಖಾನೆಯಿಂದ ಹೈಡ್ರಾಲಿಕ್ ಆಯಿಲ್ ತಂದುಕೊಡುತ್ತೇನೆ ಎನ್ನುತ್ತಾನೆ. ಎರಡರಲ್ಲಿ ಯಾವುದು ಎಂಬುದು ನಿಮ್ಮ ಪ್ರಶ್ನೆ. ಇಲ್ಲಿ ಬೆಳಗಾವಿಯ ಶಹಾಪುರದಲ್ಲಿ ನನ್ನ ಹತ್ತಿರವೂ ಅದೇ ಗಾಡಿ ಇರುವುದರಿಂದ ಮತ್ತು ಅದಕ್ಕೆ ಬೇರೆ ಬೇರೆ ಆಯಿಲ್ ಹಾಕಿ ನೋಡಿರುವುದರಿಂದ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ. ಕಾಕುಗೂ ಕೇಳಿಸಿರಿ, ಗಾಡಿಯನ್ನು ಹೆಚ್ಚು ಓಡಿಸುವವರು ಅವರೇ ಅಲ್ಲವೇ.

ಎರಡೂ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆ ಎಂಬುದನ್ನು ಹೇಳುತ್ತೇನೆ.

ಲಾರಿಯ, ಟ್ರ್ಯಾಕ್ಟರಿನ ಗೇರ್ ಬಾಕ್ಸಿನಲ್ಲಿ ಆಯಿಲಿಗೆ ಇರುವುದು ಹಲ್ಲುಗಳ ಸವೆತ ತಡೆಯುವ ಕೆಲಸ; ಅಲ್ಲಿ ಸಾಮಾನ್ಯವಾಗಿ ಕ್ಲಚ್ ಬೇರೆ ಕೋಣೆಯಲ್ಲಿ ಒಣಗಿಯೇ ಇರುತ್ತದೆ. ನಿಮ್ಮ ಪುಕ್ಕಿನಲ್ಲಿ ಹಾಗಿಲ್ಲ. ಗೇರಿನ ಹಲ್ಲುಗಳೂ ಕ್ಲಚ್ಚುಗಳೂ ಒಂದೇ ಆಯಿಲಿನಲ್ಲಿ ಮುಳುಗಿ ಕೆಲಸ ಮಾಡುತ್ತವೆ. ಎಂಜಿನ್ ವೇಗ ಏರಿದಾಗ ಒಂದು ಜೊತೆ ಶೂಗಳು, ಅಂದರೆ ಕ್ಲಚ್ಚಿನ ಹಿಡಿಯುವ ತುಂಡುಗಳು, ಸ್ಪ್ರಿಂಗಿನ ಬಿಗಿಯನ್ನು ಮೀರಿ ಹೊರಕ್ಕೆ ತೆರೆದುಕೊಂಡು ಸುತ್ತಲಿನ ಡ್ರಮ್ಮನ್ನು ಹಿಡಿಯುತ್ತವೆ, ಆಗ ಗಾಡಿ ಹೊರಡುತ್ತದೆ. ವೇಗ ಇನ್ನೂ ಏರಿದಾಗ ಎರಡನೇ ಗೇರಿನ ಶೂಗಳು ತೆರೆದು ತಮ್ಮ ಡ್ರಮ್ಮನ್ನು ಹಿಡಿಯುತ್ತವೆ, ಮೊದಲನೇ ಗೇರು ಬಿಟ್ಟುಕೊಂಡು ಸುಮ್ಮನೆ ತಿರುಗುತ್ತದೆ. ಅಂದರೆ ಹಲ್ಲುಗಳಿಗೆ ಜಾರಿಕೆ ಬೇಕು, ಶೂಗಳಿಗೆ ಹಿಡಿತ ಬೇಕು, ಈ ಎರಡನ್ನೂ ಒಂದೇ ಆಯಿಲಿನಿಂದ ನಾವು ಕೇಳುತ್ತಿದ್ದೇವೆ. ಯಾವುದೇ ಆಯಿಲ್ ಡಬ್ಬಿಯನ್ನು ಕೈಗೆತ್ತಿಕೊಂಡಾಗ ಇದು ಶೂಗಳ ಹಿಡಿತವನ್ನು ಏನು ಮಾಡುತ್ತದೆ ಎಂದು ಮೊದಲು ಕೇಳಬೇಕು. ಹಲ್ಲುಗಳ ಮಾತು ಆಮೇಲೆ.

90 ನಂಬರಿನ ಗೇರ್ ಆಯಿಲಿನಲ್ಲಿ, ಅದರಲ್ಲೂ ಜಿಎಲ್-5 ಎಂದು ಬರೆದಿರುವುದರಲ್ಲಿ, ಭಾರೀ ಒತ್ತಡ ತಡೆಯಲೆಂದು ಗಂಧಕ ಮತ್ತು ರಂಜಕದ ಸೇರ್ಪಡೆಗಳಿರುತ್ತವೆ. ಲಾರಿಯ ಹಿಂದಿನ ಡಿಫರೆನ್ಷಿಯಲ್ಲಿಗೆ ಅದು ಬಹಳ ಒಳ್ಳೆಯದು. ಆದರೆ ಆ ಸೇರ್ಪಡೆಗಳು ಕ್ಲಚ್ಚಿನ ಹಿಡಿತವನ್ನು ಕೆಡಿಸುತ್ತವೆ, ಬಿಸಿಯಾದಾಗ ತಿರುಗುವ ದಂಡ ಕೂರುವ ಕಂಚು, ಹಿತ್ತಾಳೆಯ ಬುಷ್‌ಗಳನ್ನೂ ತಿನ್ನುತ್ತವೆ. ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಡೆಯ ಎಷ್ಟೋ ಮಂದಿ 90 ಎಂದರೆ 40ರ ಎರಡು ಪಟ್ಟಿಗಿಂತ ದಪ್ಪ ಎಂದೇ ತಿಳಿದಿದ್ದಾರೆ. ಗೇರ್ ಆಯಿಲಿನ ಅಳತೆಪಟ್ಟಿ ಬೇರೆ, ಎಂಜಿನ್ ಆಯಿಲಿನ ಅಳತೆಪಟ್ಟಿ ಬೇರೆ. 100 ಡಿಗ್ರಿ ಶಾಖದಲ್ಲಿ 90ರ ಗೇರ್ ಆಯಿಲ್ 13.5ರಿಂದ 18.5 ಸೆಂಟಿಸ್ಟೋಕ್ (ಮಂದದ ಅಳತೆ) ಇರುತ್ತದೆ, 40ರ ಎಂಜಿನ್ ಆಯಿಲ್ 12.5ರಿಂದ 16.3 ಇರುತ್ತದೆ, ಹೆಚ್ಚು ಕಡಿಮೆ ಒಂದೇ ಮಂದ. ಹಾಗಿದ್ದರೂ ಪುಕ್ಕಿಗೆ ಆ ಮಂದ ಬಹಳ ಹೆಚ್ಚೇ. ಶೂ ಡ್ರಮ್ಮನ್ನು ಹಿಡಿಯಬೇಕಾದರೆ ನಡುವಿನ ಆಯಿಲ್ ಪದರ ಹಿಂಡಿ ಹೊರಹೋಗಬೇಕು. ಆಯಿಲ್ ಮಂದವಾದಷ್ಟೂ ಅದು ನಿಧಾನವಾಗುತ್ತದೆ, ಶೂ ಜಾರುತ್ತ ಕಾಯುತ್ತದೆ. ತಂಪಿನಲ್ಲಿ ಅದೇ ಮಂದ ಆಯಿಲ್ ಬಿಡಿಸಿಕೊಂಡ ಡ್ರಮ್ಮನ್ನೂ ಜೊತೆಗೆ ಎಳೆದು ತಿರುಗಿಸುತ್ತದೆ, ಗಾಡಿ ತಾನಾಗಿ ಸರಿಯುತ್ತದೆ. ನಿಮ್ಮ ಗಾಡಿಯ ಎರಡೂ ದೂರುಗಳನ್ನು ಹೆಚ್ಚಿಸುವ ಆಯಿಲ್ ಅದು.

ನನ್ನ ತಮ್ಮ ಹೇಳಿದ ಹೈಡ್ರಾಲಿಕ್ ಆಯಿಲಿನ ಮಂದವೇನೋ ಹೊಂದುತ್ತದೆ. ಅವರ ಕಾರ್ಖಾನೆಯಲ್ಲಿ ಬಳಸುವ 68 ಎಂಬುದು 40 ಡಿಗ್ರಿ ಶಾಖದಲ್ಲಿನ ಮಂದದ ಅಂಕಿ. ಕಾದಾಗ ಅದು ತೆಳ್ಳಗಾಗುತ್ತದೆ. ಆದರೆ ಅದನ್ನು ತಯಾರಿಸುವುದು ಪಂಪು, ಸಿಲಿಂಡರುಗಳಿಗಾಗಿ, ಕ್ಲಚ್ಚಿನ ಹಿಡಿತವನ್ನು ಅದರಲ್ಲಿ ಯಾರೂ ಪರೀಕ್ಷಿಸಿರುವುದಿಲ್ಲ. ಪುಕ್ಕಟೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಹಾಕುವುದು ಬೇಡ ಎಂದು ಅವನಿಗೆ ಹೇಳಿರಿ.

ಹಾಗಾದರೆ ಯಾವುದು? ಪುಕ್ ಮೂಲತಃ ಆಸ್ಟ್ರಿಯಾದ ಗ್ರಾಜ್ ಊರಿನ ಕಂಪನಿ. ಅವರ ಆಟೋಮ್ಯಾಟಿಕ್ ಮೊಪೆಡ್ ಎಂಜಿನ್ನುಗಳಿಗೆ ಹಾಕುತ್ತಿದ್ದದ್ದು ಎಟಿಎಫ್, ಅಂದರೆ ಕಾರುಗಳ ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ತೆಳುವಾದ ಆಯಿಲ್. 1950ರ ದಶಕದಲ್ಲಿ ಪುಕ್ಕಿನ ಪರವಾನಗಿಯ ಮೇಲೆ ಮೊಪೆಡ್ ತಯಾರಿಕೆ ಆರಂಭಿಸಿದ ಸ್ಲೊವೇನಿಯಾದ ಟೋಮೋಸ್ ಕಂಪನಿಯ ಎರಡು ಗೇರಿನ ಎಂಜಿನ್ನಿಗೂ ಅದನ್ನೇ ಹಾಕುತ್ತಾರೆ. ಆಯಿಲಿನಲ್ಲಿ ಮುಳುಗಿದ ಕ್ಲಚ್ ಮತ್ತು ಗೇರು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ಆಯಿಲ್ ಇದು. ಕಾದಾಗ ಸುಮಾರು 7 ಸೆಂಟಿಸ್ಟೋಕ್ ಇರುತ್ತದೆ, ಅಂದರೆ 90ರ ಆಯಿಲಿನ ಅರ್ಧ. ಬೈಲಹೊಂಗಲದ ಅಂಗಡಿಯಲ್ಲಿ ಎಟಿಎಫ್ ಎಂದರೆ ಇಲ್ಲ ಎನ್ನಬಹುದು. ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಆಯಿಲ್ ಕೊಡಿರಿ ಎಂದು ಕೇಳಿದರೆ ತೆಗೆದುಕೊಡುತ್ತಾರೆ, ಡಬ್ಬಿಯ ಮೇಲೆ ಎಟಿಎಫ್ ಎಂದೂ ಅದರ ಒಂದು ಜಾತಿಯಾದ ಡೆಕ್ಸ್ರಾನ್ ಎಂದೂ ಬರೆದಿದೆಯೇ ಎಂದು ಓದಿ ನೋಡಿಕೊಳ್ಳಿರಿ.

ಎಟಿಎಫ್‌ನಲ್ಲಿಯೂ ಒಂದು ಭೇದವಿದೆ. ಡೆಕ್ಸ್ರಾನ್ ಜಾತಿಯದರಲ್ಲಿ ಘರ್ಷಣೆಯನ್ನು ಮೆದುಗೊಳಿಸುವ ಸೇರ್ಪಡೆ ಇರುತ್ತದೆ, ಗೇರು ಮೆತ್ತಗೆ ಬೀಳುತ್ತದೆ, ಜಗ್ಗುವುದಿಲ್ಲ. ಹಳೆಯ ಫೋರ್ಡ್ ಕಾರುಗಳಿಗಾಗಿ ಬಂದ ಟೈಪ್-ಎಫ್‌ನಲ್ಲಿ ಆ ಸೇರ್ಪಡೆ ಇಲ್ಲ, ಹಿಡಿತ ಗಟ್ಟಿ, ಗೇರು ಟಕ್ಕನೆ ಬೀಳುತ್ತದೆ. ವಿದೇಶದ ಮೊಪೆಡ್ ಪ್ರಿಯರು ಟೈಪ್-ಎಫ್ ಅನ್ನು ಹುಡುಕಿ ಹಾಕಿಕೊಳ್ಳುವುದು ಈ ಕಾರಣಕ್ಕೇ. ನನಗೆ ಬೆಳಗಾವಿಯಲ್ಲಿ ಅದು ಸಿಗಲಿಲ್ಲ. ಅದಕ್ಕಾಗಿ ಹಿಡಿತ ಹೆಚ್ಚು ಬೇಕಾದಾಗ ಏನು ಮಾಡಬಹುದು ಎಂದು ನೋಡಲು ಡೆಕ್ಸ್ರಾನ್ ಎಟಿಎಫ್ ಒಂದನ್ನೂ, ಬೈಕುಗಳಿಗೆ ಹಾಕುವ 10ಡಬ್ಲ್ಯು-30 ಜಾಸೋ ಎಂಎ ಆಯಿಲ್ ಒಂದನ್ನೂ ಸರದಿಯಂತೆ ಹಾಕಿ ಓಡಿಸಿದೆ. ಜಾಸೋ ಎಂಬುದು ಜಪಾನಿನ ಮಾನಕ. ಎಂಎ ಎಂದರೆ ಆಯಿಲಿನಲ್ಲಿ ಮುಳುಗಿದ ಕ್ಲಚ್ಚಿಗೆ ತಕ್ಕ ಹಿಡಿತವಿರುವುದು, ಎಂಬಿ ಎಂದರೆ ಕ್ಲಚ್ ಒಣಗಿರುವ ಸ್ಕೂಟರುಗಳಿಗೆ ಮಾಡಿದ ಜಾರಿಕೆಯದು. ಎಂಬಿ ಡಬ್ಬಿಯನ್ನು ಪುಕ್ಕಿನ ಹತ್ತಿರವೂ ತರಬೇಡಿರಿ. ಕಾರಿನ ಎಂಜಿನ್ ಆಯಿಲಿಗೂ ಇದೇ ಮಾತು.

ಪರೀಕ್ಷೆಗೆ ನಾನು ಆರಿಸಿಕೊಂಡದ್ದು ಯಳ್ಳೂರಿನಿಂದ ರಾಜಹಂಸಗಡಕ್ಕೆ ಏರುವ ರಸ್ತೆ. ಎಂಜಿನ್ ಚೆನ್ನಾಗಿ ಕಾದ ಮೇಲೆ, ಹಿಂದೆ ಒಬ್ಬರನ್ನು ಕೂಡಿಸಿಕೊಂಡು, ಒಂದೇ ಏರಿನಲ್ಲಿ ನೋಡುತ್ತಿದ್ದೆ. ಡೆಕ್ಸ್ರಾನ್ ಇದ್ದಾಗ ಸಪಾಟು ರಸ್ತೆಯಲ್ಲಿ ಗೇರು ಬಿದ್ದದ್ದೇ ತಿಳಿಯದಷ್ಟು ಮೆತ್ತಗೆ ಬೀಳುತ್ತಿತ್ತು, ಜಗ್ಗುವುದು ಪೂರ್ತಿ ಹೋಯಿತು. ಆದರೆ ಏರಿನಲ್ಲಿ, ಭಾರ ಬಿದ್ದಾಗ, ಎರಡನೇ ಗೇರಿನ ಶೂ ಸ್ವಲ್ಪ ಜಾರುತ್ತಿತ್ತು: ಎಂಜಿನ್ನಿನ ಧ್ವನಿ ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ. 10ಡಬ್ಲ್ಯು-30 ಎಂಎ ಹಾಕಿದಾಗ ಏರಿನಲ್ಲಿ ಹಿಡಿತ ಗಟ್ಟಿಯಾಯಿತು, ಹತ್ತುವುದು ಸರಾಗವಾಯಿತು. ಆದರೆ ಡಿಸೆಂಬರಿನ ಮುಂಜಾನೆ ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ ನಿಂತಾಗ ಬ್ರೇಕ್ ಹಿಡಿಯದೆ ಇರಲಾಗುತ್ತಿರಲಿಲ್ಲ, ಗಾಡಿ ಮುಂದೆ ಮುಂದೆ ಸರಿಯುತ್ತಿತ್ತು. ಕಾದ ಮೇಲೆ ಹಾಗೆ ಸರಿಯುವುದು ನಿಲ್ಲುತ್ತಿತ್ತು. ನೀವಿರುವುದು ಸಪಾಟು ನೆಲದ ಊರಿನಲ್ಲಿ, ಒಯ್ಯುವುದು ಹೆಚ್ಚೆಂದರೆ ಒಂದು ಮೇವಿನ ಹೊರೆ. ನಿಮಗೆ ಡೆಕ್ಸ್ರಾನ್ ಎಟಿಎಫ್ ಸಾಕು ಎಂದು ನನಗೆ ಅನ್ನಿಸುತ್ತದೆ. ಬೇಸಿಗೆಯಲ್ಲಿ ಭಾರ ಹೇರಿದಾಗ ಜಾರಿದರೆ ಆಗ ಎಂಎ ಆಯಿಲಿನ ವಿಚಾರ ಮಾಡೋಣ.

ಹೊಸ ಆಯಿಲ್ ಹಾಕುವ ಮೊದಲು ಹಳೆಯದನ್ನು ನೋಡುವುದೇ ಅರ್ಧ ಪರೀಕ್ಷೆ. ಗಾಡಿಯನ್ನು ಒಂದು ಸುತ್ತು ಓಡಿಸಿ ಬಿಸಿ ಮಾಡಿ, ಕೆಳಗಿನ ಸ್ಕ್ರೂ ಬಿಚ್ಚಿ ಬಿಳಿಯ ತಟ್ಟೆಗೆ ಇಳಿಸಿರಿ, ಬಿಸಿಲಿನಲ್ಲಿ ತಟ್ಟೆಯನ್ನು ಓರೆ ಮಾಡಿ ನೋಡಿರಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಶೂ ಬಹಳ ಕಾಲದಿಂದ ಜಾರುತ್ತಿದೆ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ತಟ್ಟೆಯ ತಳಕ್ಕೆ ಅಯಸ್ಕಾಂತ ಹಿಡಿದು ಸರಿಸಿರಿ: ಜೊತೆಗೆ ಸರಿಯುವ ಬೂದು ಕೆಸರು ಕಬ್ಬಿಣದ್ದು, ಸ್ವಲ್ಪ ಇದ್ದರೆ ಚಿಂತೆಯಿಲ್ಲ, ಸರಿಯದೆ ಹಳದಿಯಾಗಿ ಮಿನುಗುವ ಕಣಗಳು ಬುಷ್‌ನವು, ಅವು ಕಂಡರೆ ಗಾಡಿ ಬಿಚ್ಚಲೇಬೇಕು. ಪೆಟ್ರೋಲಿನ ವಾಸನೆ ಇದೆಯೇ ಎಂದು ತಪ್ಪದೆ ನೋಡಿರಿ. ಎಂಜಿನ್ನಿಗೂ ಗೇರಿನ ಕೋಣೆಗೂ ನಡುವೆ ತಡೆಯಾಗಿರುವ ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಹೋಗಿದ್ದರೆ ಪೆಟ್ರೋಲ್ ಈ ಕಡೆಗೆ ಬರುತ್ತದೆ, ಗೇರ್ ಆಯಿಲ್ ಆ ಕಡೆಗೆ ಎಳೆದುಕೊಂಡು ಹೋಗಿ ಸುಡುತ್ತದೆ. ಸೈಲೆನ್ಸರಿನಲ್ಲಿ ದಟ್ಟ ಹೊಗೆ, ಪ್ಲಗ್ ಒದ್ದೆ, ಆಯಿಲ್ ದಿನದಿನಕ್ಕೆ ಕಡಿಮೆ. ಎಟಿಎಫ್ ತೆಳುವಾದ್ದರಿಂದ ಅಂಥ ಸೀಲಿನಿಂದ ಇನ್ನೂ ಬೇಗ ಹೋಗುತ್ತದೆ.

ಹೊಸ ಆಯಿಲನ್ನು ಗಾಡಿ ನೆಟ್ಟಗೆ ನಿಲ್ಲಿಸಿ, ಮಟ್ಟದ ಸ್ಕ್ರೂ ತೆಗೆದು, ಆ ತೂತಿನಿಂದ ಹನಿ ಬರುವವರೆಗೆ ಮಾತ್ರ ಹಾಕಿರಿ. ಹೆಚ್ಚಾದರೂ ಗಾಡಿ ತಾನಾಗಿ ಮುಂದಕ್ಕೆ ಸರಿಯುತ್ತದೆ. ಟೆಫ್ಲಾನ್, ಮೋಲಿಬ್ಡಿನಂ ಎಂದು ಮಾರುವ ಬಾಟಲಿಗಳನ್ನು ಯಾರು ಹೇಳಿದರೂ ಸೇರಿಸಬೇಡಿರಿ, ಜಾರಿಸುವುದೇ ಅವುಗಳ ಗುಣ. ಸರಿಯುವ ತೊಂದರೆಗೆ ಆಯಿಲಿನ ಜೊತೆಗೆ ಕಾರ್ಬೊರೇಟರಿನ ಐಡಲ್ ಸ್ಕ್ರೂವನ್ನೂ ನೋಡಿರಿ, ಎಕ್ಸಲರೇಟರ್ ಮುಟ್ಟದಿದ್ದಾಗ ಎಂಜಿನ್ ವೇಗ ಎಷ್ಟಿರಬೇಕು ಎಂದು ಗೊತ್ತುಮಾಡುವುದು ಅದು. ಐಡಲ್ ಎತ್ತರಿಸಿ ಇಟ್ಟಿದ್ದರೆ ಶೂ ತೆರೆದೇ ಇರುತ್ತದೆ. ಆದರೆ ಎರಡನ್ನೂ ಒಂದೇ ದಿನ ಬದಲಿಸಬೇಡಿರಿ, ಯಾವುದರಿಂದ ಸುಧಾರಿಸಿತು ಎಂದು ತಿಳಿಯದೆ ಹೋಗುತ್ತದೆ. ಮೊದಲು ಐಡಲ್ ಇಳಿಸಿ ಓಡಿಸಿರಿ, ಆಮೇಲೆ ಆಯಿಲ್.

ಗೇರು ತಡವಾಗಿ ಬೀಳುವುದು ಮಾತ್ರ ಆಯಿಲಿನಿಂದ ಪೂರ್ತಿ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಯಾವ ವೇಗಕ್ಕೆ ಬೀಳಬೇಕು ಎಂಬುದನ್ನು ಗೊತ್ತುಮಾಡುವುದು ಸ್ಪ್ರಿಂಗು. ಹೇಗೆ ಬೀಳಬೇಕು ಎಂಬುದನ್ನಷ್ಟೇ ಆಯಿಲ್ ಬದಲಿಸುತ್ತದೆ. ಶೂ ಸವೆದಿದ್ದರೆ ಡ್ರಮ್ ಮುಟ್ಟಲು ಅದು ಹೆಚ್ಚು ದೂರ ತೆರೆಯಬೇಕು, ಸ್ಪ್ರಿಂಗ್ ಹೆಚ್ಚು ಹಿಗ್ಗಬೇಕು, ಅದಕ್ಕೆ ಹೆಚ್ಚು ವೇಗ ಬೇಕು. ಹೊಸ ಎಟಿಎಫ್ ಹಾಕಿದ ಮೇಲೆ ಜಗ್ಗುವುದು ನಿಂತು, ಕಿರುಚುವುದು ಉಳಿದರೆ ಶೂಗಳ ಕೆಲಸವಿದೆ ಎಂದೇ ತಿಳಿಯಿರಿ.

ಇಳಿಸಿದ ಆಯಿಲನ್ನು ಗಟಾರಿಗೆ ಚೆಲ್ಲದೆ ಡಬ್ಬಿಯಲ್ಲಿಟ್ಟು ಗ್ಯಾರೇಜಿಗೆ ಕೊಡಿರಿ. ತಟ್ಟೆಯ ಫೋಟೋವನ್ನು ಬಿಸಿಲಿನಲ್ಲಿ ತೆಗೆದು ಇಲ್ಲಿಯೇ ಗ್ರೂಪಿಗೆ ಹಾಕಿರಿ. ಹಳದಿ ಕಣವಾಗಲಿ ಪೆಟ್ರೋಲಿನ ವಾಸನೆಯಾಗಲಿ ಇದ್ದರೆ ಹೊಸ ಆಯಿಲ್ ಹಾಕದೆ ಹಾಗೆಯೇ ನಿಲ್ಲಿಸಿರಿ. ಸೀಲ್, ಬುಷ್‌ಗಳ ಅಳತೆ ನನ್ನ ಹತ್ತಿರ ಬರೆದಿಟ್ಟದ್ದಿದೆ, ಇಲ್ಲಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಿನಲ್ಲಿ ವಿಚಾರಿಸಿ ರವಿವಾರ ಬರುವಾಗ ತೆಗೆದುಕೊಂಡೇ ಬರುತ್ತೇನೆ.