ಅಪ್‌ಡೇಟ್: ಕುಶಾಲನಗರದ ನಮ್ಮ ಗೀಸರ್, ಬೋರ್‌ವೆಲ್ ನೀರಿನ ಸುಣ್ಣ

ಕಳೆದ ತಿಂಗಳು ಕೇಳಿದ್ದೆ: 15 ಲೀಟರ್ ಗೀಸರ್‌ನಲ್ಲಿ ಬಿಸಿನೀರು ಒಂದು ಬಕೆಟ್‌ಗೇ ಮುಗೀತಿದೆ, ಕಾಯುವಾಗ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು, ಏನು ಮಾಡ್ಲಿ ಅಂತ. ಸುಣ್ಣ ಕಟ್ಟಿರುತ್ತೆ, ಬಿಚ್ಚಿಸಿ ನೋಡಿ ಅಂದಿದ್ರಿ. ಅದೇ ಆಗಿತ್ತು.

ಎಂಸಿಬಿ (ಗೀಸರ್‌ಗೆ ಕರೆಂಟ್ ಕಡಿಯೋ ಸ್ವಿಚ್) ಆಫ್ ಮಾಡಿ, ನೀರು ಪೂರ್ತಿ ತಣ್ಣಗಾದ ಮೇಲೆ ಖಾಲಿ ಮಾಡಿ, ಎಲೆಕ್ಟ್ರಿಷಿಯನ್ ಅಣ್ಣನ ಕೈಲಿ ಕೆಳಗಿನ ಪ್ಲೇಟ್ ಬಿಚ್ಚಿಸಿದೆ. ನೀರು ಕಾಯಿಸೋ ಕಾಯಿಲ್ ಮೇಲೆ ಬೆರಳು ದಪ್ಪ ಬಿಳಿ ಪದರ, ಮುಟ್ಟಿದ್ರೆ ಮೊಟ್ಟೆ ಸಿಪ್ಪೆ ಥರ ಒಡೆದು ಉದುರ್ತಿತ್ತು. ತಳದಿಂದ ಎರಡು ಮಗ್ ಚೂರು ತೆಗೆದೆವು! ಮೆಗ್ನೀಸಿಯಂ ರಾಡ್ ಸವೆದು ಒಳಗಿನ ಕಂಬಿ ಮಾತ್ರ ಉಳಿದಿತ್ತು. ಟ್ಯಾಂಕ್ ತುಕ್ಕು ಹಿಡಿಯದ ಹಾಗೆ ತಾನು ಕರಗೋದೇ ಅದರ ಕೆಲಸ, ಹಾಗಾಗಿ ಹೊಸದು ಹಾಕಿಸಿದೆ. ದಯವಿಟ್ಟು ಇದನ್ನ ಮರೀಬೇಡಿ.

ಸುತ್ತಿಗೆಯಲ್ಲಿ ಕುಟ್ಟಲಿಲ್ಲ, ಕಾಯಿಲ್ ಹಾಳಾಗುತ್ತೆ. ಬಕೆಟ್ ಬಿಸಿನೀರಿಗೆ ಕಾಲು ಕೆಜಿ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ವೈರ್ ಕೂಡುವ ತುದಿ ಒದ್ದೆಯಾಗದ ಹಾಗೆ ಕಾಯಿಲ್ ಇಳಿಬಿಟ್ಟೆ. ಬುಸಬುಸ ನೊರೆ ಬಂತು, ಸಂಜೆಗೆ ತಾಮ್ರ ಕಾಣಿಸ್ತು. ಪ್ಲೇಟ್ ಕೂರಿಸುವಾಗ ಗ್ಯಾಸ್ಕೆಟ್ (ಸೋರದ ಹಾಗೆ ಹಾಕೋ ರಬ್ಬರ್ ರಿಂಗ್) ಹೊಸದೇ ಹಾಕಿಸಿ, ಹಳೇದು ಸೋರುತ್ತೆ.

ನೀರನ್ನೂ ಟೆಸ್ಟ್ ಮಾಡಿಸಿದೆ: ಗಡಸುತನ (ನೀರಲ್ಲಿ ಕರಗಿರೋ ಸುಣ್ಣದಂಥ ಲವಣ) ಲೀಟರಿಗೆ 420 ಮಿಗ್ರಾಂ. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಪ್ರಕಾರ ಕುಡಿಯೋ ನೀರಲ್ಲಿ 200ರ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ರೆ 600ರ ತನಕ. ಬಿಸಿ ಹೆಚ್ಚಾದಷ್ಟೂ ಸುಣ್ಣ ಬೇಗ ಕೂರುತ್ತೆ, ಅದಕ್ಕೆ ಥರ್ಮೋಸ್ಟಾಟ್ (ಬಿಸಿ ಎಷ್ಟಿರಬೇಕು ಅಂತ ಹಿಡಿದಿಡೋ ಭಾಗ) 75 ಡಿಗ್ರಿಯಿಂದ 55ಕ್ಕೆ ಇಳಿಸಿದೀನಿ. ಈ ಮಳೆಗಾಲ ಚಾವಣಿ ನೀರನ್ನ ಸೋಸಿ ಬಚ್ಚಲ ಟ್ಯಾಂಕಿಗೆ ಬಿಡ್ತಿದೀನಿ, ಮಳೆ ನೀರಲ್ಲಿ ಸುಣ್ಣದ ಕಾಟವೇ ಇಲ್ಲ. ಈಗ ಸದ್ದು ನಿಂತಿದೆ, ಅಮ್ಮನಿಗೂ ನನಗೂ ಬೆಳಿಗ್ಗೆ ಸ್ನಾನಕ್ಕೆ ಸಾಕಾಗ್ತಿದೆ.